ರೊಳ್ಳದ ಅಕ್ಕನ ನೀಲಿ ಉಗುರು

ಮೊನ್ನೆ ಅಳಿಯನ ಹೊಸ ಜೀನ್ಸ್ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ನೋಡನೋಡುತ್ತಿದ್ದಂತೆ ನೀರು ನೀಲಿಯಾಯಿತು, ಅದರ ಜೊತೆಗೇ ಆ ವಾಸನೆಯೂ ಎದ್ದಿತು. ಗಂಜಿ, ಬಣ್ಣ, ಮಷಿನ್ನಿನ ಎಣ್ಣೆ, ಮೂರೂ ಬೆರೆತ ವಾಸನೆ. ರಾಯದುರ್ಗದಲ್ಲಿ ಮೂಗಿದ್ದವರಿಗೆಲ್ಲ ಅದು ಗೊತ್ತು. ನಾನು ಹೊಲಿಗೆ ಬಿಟ್ಟು ವರ್ಷಗಳಾದವು. ಕಣ್ಣು ಸೋತವು, ಸೊಂಟ ಹೋಯಿತು. ಆದರೂ ಆ ವಾಸನೆ ಬಂದ ಕೂಡಲೇ ಕೈ ತಾನಾಗಿ ಬಕೆಟ್ಟಿನಿಂದ ಮೇಲೆದ್ದು ಬಂತು. ಉಗುರು ನೋಡಿಕೊಂಡೆ... ಇದು ನನ್ನ ಹಳೆಯ ಚಾಳಿ. ಇದನ್ನು ನನಗೆ ಹತ್ತಿಸಿದವಳು ಗೋಡೆಯಾಚೆ ಮನೆಯ ರೊಳ್ಳದ ಅಕ್ಕ.

ರೊಳ್ಳ ಇರುವುದು ಮಡಕಶಿರಾ ಹತ್ತಿರ. ಅದು ಆ ಕಡೆಯ ಅರ್ಧ ಜನ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಲ. ಅಕ್ಕನ ಗಂಡನೂ ಹತ್ತಿದ್ದ. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದನಂತೆ, ಆಮೇಲೆ ಬರೀ ಫೋನು, ಆಮೇಲೆ ಅದೂ ಇಲ್ಲ. ಮಕ್ಕಳಿರಲಿಲ್ಲ. ರೊಳ್ಳದಲ್ಲಿ ಅಣ್ಣನ ಮನೆಯ ಮೂಲೆಯಲ್ಲಿ ಕೂರುವುದು ಬೇಡವೆಂದು ಅಕ್ಕ ಎಲ್ಲರೂ ಹೋಗುವ ದಿಕ್ಕು ಬಿಟ್ಟು ಈ ಕಡೆಯ ಬಸ್ಸು ಹತ್ತಿ, ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಬಂದಳು. ನಮ್ಮ ವಠಾರದ ಕೊನೆಯ ಮನೆ ಹಿಡಿದಳು. ಅವಳ ಮಾತಿನ ‘ಕಣೆ’, ‘ಬತ್ತೀನಿ’, ‘ಹೊತ್ತಾರೆ’ ಕೇಳಿ ನಾವು ನಗುತ್ತಿದ್ದೆವು. ‘ನೀವು ಮಾತಾಡೋದು ಯಾವ ಸೀಮೆ ಕನ್ನಡನೆ? ಎಲ್ಲಾದಕ್ಕೂ ಒಂದೊಂದು ರೀ ಅಂಟಿಸ್ತೀರಲ್ಲ, ನಾಯೀಗೂ ಬರ್ರಿ ಅಂತೀರೇನೆ?’ ಎಂದು ಅವಳು ನಮಗೇ ತಿರುಗಿಸಿ ಕೊಡುತ್ತಿದ್ದಳು.

ಕೂತಲ್ಲಿ ಕೂರುವ ಜೀವವಲ್ಲ ಅದು. ಮಷಿನ್ನಿನ ಮೇಲೆ ಕೂತಾಗಲೂ ಎಡಗಾಲು ಅಲ್ಲಾಡುತ್ತಲೇ ಇರುತ್ತಿತ್ತು. ನಾನೂ ಅವಳೂ ಒಂದೇ ಯೂನಿಟ್ಟಿನಲ್ಲಿ ಅಕ್ಕಪಕ್ಕದ ಮಷಿನ್ನಿನವರು. ಅವಳು ಜೇಬು ಹೊಲಿಯುತ್ತಿದ್ದಳು, ನಾನು ಸೊಂಟಪಟ್ಟಿ. ಸಂಜೆ ಹೊತ್ತಿಗೆ ಎಲ್ಲರ ಬೆರಳ ತುದಿಯೂ ನೀಲಿ. ಸೋಪು, ಸೀಗೆಪುಡಿ ಯಾವುದಕ್ಕೂ ಬಗ್ಗುವ ಬಣ್ಣವಲ್ಲ. ಉಗುರಿನ ಸಂದಿಯಲ್ಲಿ ವಾರಗಟ್ಟಲೆ ಕೂತಿರುತ್ತಿತ್ತು. ರಾಯದುರ್ಗದ ಹೆಂಗಸರ ಕೈಗೆ ಮದರಂಗಿ ಯಾಕೆ, ಇದೇ ಸಾಕು ಎಂದು ನಗಾಡುತ್ತಿದ್ದೆವು.

ಅಕ್ಕ ಒಂದು ಟಗರು ಸಾಕಿದ್ದಳು. ಗುಮ್ಮಘಟ್ಟದ ಕುರಿಯವರಿಂದ ಮರಿಯಾಗಿದ್ದಾಗಲೇ ತಂದು, ವಠಾರದ ಬೇವಿನ ಮರಕ್ಕೆ ಕಟ್ಟಿ, ಹುರುಳಿ ನೆನೆಸಿ ಹಾಕಿ, ಕಡಲೆಬಳ್ಳಿ ಹಾಕಿ ಬೆಳೆಸಿದ್ದಳು. ಅದರ ಕೊಬ್ಬೋ ಕೊಬ್ಬು! ನಾವ್ಯಾರೂ ಅದರ ಮುಂದೆ ಬಗ್ಗುತ್ತಿರಲಿಲ್ಲ. ಅಕ್ಕ ಮಾತ್ರ ಅದನ್ನು ‘ರಾಜ’ ಎಂದು ಕರೆದು ಕೊಂಬು ಹಿಡಿದು ಮುದ್ದು ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಹುರುಳಿಯ ಬಾಣಲೆ ಎತ್ತಿಕೊಳ್ಳಲು ಬಗ್ಗಿದಾಗ ರಾಜ ಹಿಂದೆ ಸರಿದು ಬಂದು ಗುದ್ದಿತು. ಎಡಗಡೆಯ ಪಕ್ಕೆಲುಬಿಗೆ, ಸರಿಯಾಗಿ. ದಬ್ ಎಂದ ಸದ್ದು ನಮ್ಮ ಅಡುಗೆಮನೆಗೇ ಕೇಳಿಸಿತು.

ನಾನು ಓಡಿಹೋದಾಗ ಅಕ್ಕ ಎದ್ದು ಕೂತು ನಗುತ್ತಿದ್ದಳು. ಹೊಟ್ಟೆ ಮುಟ್ಟಿಕೊಳ್ಳಲಿಲ್ಲ, ಪಕ್ಕೆ ಮುಟ್ಟಿಕೊಳ್ಳಲಿಲ್ಲ. ಎಡಭುಜ ಹಿಡಿದುಕೊಂಡು, ‘ಇಲ್ಲಿ ಸೆಳೀತೈತೆ ಕಣೆ, ಬಿದ್ದಾಗ ಉಳುಕ್ತೇನೋ’ ಎಂದಳು. ಭುಜ ಉಳುಕಿದರೆ ನಮ್ಮ ಓಣಿಯಲ್ಲಿ ಡಾಕ್ಟರಲ್ಲಿಗೆ ಯಾರೂ ಹೋಗುವುದಿಲ್ಲ, ಉಳುಕು ತೆಗೆಯುವ ಅಜ್ಜಿ ಇದ್ದಾಳೆ. ಅಜ್ಜಿ ಬಂದಳು, ಹರಳೆಣ್ಣೆ ಕಾಯಿಸಿದಳು, ಭುಜ ತಿಕ್ಕಿದಳು. ಎಷ್ಟು ತಿಕ್ಕಿದರೂ ಉಳುಕು ಸಿಗಲಿಲ್ಲ. ಇಲ್ಲದ ಉಳುಕು ಎಲ್ಲಿ ಸಿಗಬೇಕು? ಅಕ್ಕನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಮೈ ತಣ್ಣಗೆ ಬೆವರಿತು. ‘ನೀರು’ ಎಂದವಳು ನೀರು ಕುಡಿಯುವ ಮೊದಲೇ ನನ್ನ ಮೇಲೆ ಒರಗಿದಳು.

ಮೊದಲೇ ನನಗೆ ತಾಳ್ಮೆ ಕಮ್ಮಿ. ಅಜ್ಜಿಯನ್ನು ಬೈದೆ, ಟಗರನ್ನು ಬೈದೆ, ಬರಲು ತಡ ಮಾಡಿದ ಆಟೋದವನನ್ನು ಬೈದೆ. ಊರ ಆಸ್ಪತ್ರೆಯಲ್ಲಿ ಸಲೈನು ಹಚ್ಚಿ, ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು. ದಾರಿಯುದ್ದಕ್ಕೂ ಅಕ್ಕ ಕಣ್ಣು ತೆರೆದಾಗಲೆಲ್ಲ ‘ಟಗರಿಗೆ ನೀರಿಟ್ಟಿದ್ದೀಯೇನೆ’ ಎಂದು ಕೇಳುತ್ತಿದ್ದಳು. ‘ಅದಕ್ಕ ವಿಷ ಇಡ್ತೀನಿ ನೋಡು’ ಎಂದೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮೊದಲು ಗಾಬರಿಯಾದವಳು ನರ್ಸು. ಅಕ್ಕನ ಕೈ ಎತ್ತಿ ನೋಡಿ, ‘ಡಾಕ್ಟ್ರೇ, ಉಗುರು ಪೂರ್ತಿ ನೀಲಿಗಟ್ಟ್ಯಾವ!’ ಎಂದು ಕೂಗಿದಳು. ಬೆರಳಿಗೆ ಹಾಕುವ ಕ್ಲಿಪ್ಪೂ ನಂಬರು ಸರಿಯಾಗಿ ತೋರಿಸಲಿಲ್ಲ. ನಾಲ್ಕು ಜನ ಓಡಿ ಬಂದರು. ನಾನು ನನ್ನ ಎರಡೂ ಕೈ ಚಾಚಿ, ‘ಇದು ಜೀನ್ಸ್ ಬಣ್ಣ ರೀ, ನೋಡ್ರಿ, ನಂದೂ ಹಂಗ ಐತಿ’ ಎಂದೆ. ನರ್ಸು ನಂಬಲಿಲ್ಲ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಅಕ್ಕನ ಹೆಬ್ಬೆರಳನ್ನು ಗಸಗಸ ತಿಕ್ಕಿದಳು. ನೀಲಿ ಹತ್ತಿಗೆ ಬಂತು, ಕೆಳಗೆ ಉಗುರು ತಿಳಿಗೆಂಪಗೆ ಕಂಡಿತು. ‘ಉಗುರು ನೀಲಿ ಅಂದ್ರ ಜೀವ ಹೊಂಟೈತಿ ಅಂತ ಲೆಕ್ಕ. ಹಿಂಗ ಬಂದು ಹೆದರಿಸ್ಬ್ಯಾಡ್ರಮ್ಮಾ’ ಎಂದು ನನ್ನನ್ನೇ ಗದರಿದಳು. ಆ ಸಂಕಟದಲ್ಲೂ ಅಕ್ಕನಿಗೆ ನಗು ಬಂತು.

ಡಾಕ್ಟರು ಸಣಕಲು ದೇಹದ, ಮೆಲು ಮಾತಿನ ಮನುಷ್ಯ. ಸ್ಕ್ಯಾನು ಮಾಡಿಸಿ ಬಂದು ನನ್ನನ್ನು ಹೊರಗೆ ಕರೆದರು. ಎಡಗಡೆ ಪಕ್ಕೆಯ ಕೆಳಗೆ ಗುಲ್ಮ ಅಂತ ಒಂದು ಅಂಗವಿದೆ, ಅದು ಸೀಳಿದೆ, ಒಳಗೆ ರಕ್ತ ಸೋರಿದೆ ಎಂದರು. ಭುಜದಲ್ಲಿ ನೋವು ಯಾಕೆ ಎಂದು ಕೇಳಿದೆ. ಸೋರಿದ ರಕ್ತ ಒಳಗಿನಿಂದ ಎದೆಯ ಕೆಳಗಿನ ಪದರಕ್ಕೆ ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಆಪರೇಷನ್ ಯಾವಾಗ ಎಂದೆ.

‘ಮಾಡಂಗಿಲ್ಲ,’ ಎಂದರು. ‘ರಕ್ತ ತಾನಾ ನಿಂತೈತಿ. ಬಿಪಿ ಹಿಡದೈತಿ. ಈಗ ಕಾಯೂದು. ಅಲ್ಲಾಡದಂಗ ಮಲಗಿದ್ರ ಗುಲ್ಮ ತಾನಾ ಕೂಡ್ಕೊಂತೈತಿ. ಮತ್ತ ಸೋರಿದ್ರ ಕತ್ತರಿ ಕೈಯಾಗ ಐತಿ, ಕೊಯ್ತೀನಿ. ತೆಗೆಯೂದು ಸುಲಭ ನೋಡಮ್ಮ, ತೆಗದಿದ್ದನ್ನ ಮತ್ತ ಇಡಾಕ ಬರಂಗಿಲ್ಲ.’

ಕಾಯುವುದು! ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಉಂಟೆ? ಬಂದು ನಾಡಿ ಹಿಡಿಯುವುದು, ಬಿಪಿ ನೋಡುವುದು, ರಕ್ತ ತೆಗೆದುಕೊಂಡು ಹೋಗುವುದು, ಹೊಟ್ಟೆ ಒತ್ತಿ ನೋಡುವುದು, ಹೋಗುವುದು. ಮತ್ತೆ ಬರುವುದು. ಅಕ್ಕ ಎದ್ದು ಕೂರುವಂತಿಲ್ಲ, ಮಗ್ಗುಲು ತಾನಾಗಿ ಹೊರಳುವಂತಿಲ್ಲ. ಮಲಗಿದಲ್ಲೇ ಅವಳ ಎಡಗಾಲು ಹೊದಿಕೆಯ ಕೆಳಗೆ ಅಲ್ಲಾಡುತ್ತಿತ್ತು. ಆ ಕಾಲನ್ನು ನಾನು ಕೈಯಲ್ಲಿ ಒತ್ತಿ ಹಿಡಿದು ಕೂರುತ್ತಿದ್ದೆ. ಬಿಟ್ಟರೆ ಮತ್ತೆ ಶುರು. ಪಕ್ಕದ ಮಂಚಕ್ಕೆ ಬಂದವರೆಲ್ಲ ಒಳಗೆ ಹೋಗಿ ಕೊಯ್ಯಿಸಿಕೊಂಡು ಪಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದರು. ನಮ್ಮದು ಮಾತ್ರ ಬರೀ ಕಾಯುವುದು. ನನಗಂತೂ ಈ ಡಾಕ್ಟರಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ಅನುಮಾನವೇ ಬಂದಿತ್ತು.

ರೊಳ್ಳದಿಂದ ಅಕ್ಕನ ಅಣ್ಣ ಬಂದ. ಒಳ್ಳೆಯ ಮನುಷ್ಯ, ತಂಗಿ ಎಂದರೆ ಪ್ರಾಣ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಬಿಟ್ಟು ಬಂದಿದ್ದ, ಅವನಿಗೂ ನಿಂತಲ್ಲಿ ನಿಲ್ಲಲಾಗದು. ‘ಒಳಗೆ ಹರಿದೈತೆ ಅಂತೀರ, ಹರಿದಿದ್ದನ್ನ ಹಂಗೇ ಬಿಡ್ತೀರ? ಕೊಯ್ಯದೇ ಇರೋಕೆ ಆಸ್ಪತ್ರೆ ಯಾಕ್ ಸ್ವಾಮಿ? ಕೊಯ್ದು ತೆಗ್ದಾಕಿ, ಮುಗೀಲಿ!’ ಎಂದು ಡಾಕ್ಟರ ಹಿಂದೆ ಹಿಂದೆಯೇ ಸುತ್ತಿದ. ಡಾಕ್ಟರು ಅವನನ್ನು ಕೂರಿಸಿಕೊಂಡು ಇನ್ನೊಮ್ಮೆ ಹೇಳಿದರು. ಮೈಗೆ ಜ್ವರ ಬಂದರೆ ಅದರ ಜೊತೆ ಹೊಡೆದಾಡುವ ಅಂಗ ಅದು, ಉಳಿಸಿಕೊಂಡರೆ ಮುಂದಕ್ಕೆ ಒಳ್ಳೆಯದು ಎಂದರು. ಅಣ್ಣ ತಲೆಯಾಡಿಸಿದ. ಹೊರಗೆ ಬಂದು ನನ್ನ ಹತ್ತಿರ, ‘ಇವ್ರಿಗೆ ಕೊಯ್ಯೋಕೆ ಧೈರ್ಯ ಇಲ್ಲ ಕಣಮ್ಮ’ ಎಂದ.

ಆದರೆ ಡಾಕ್ಟರು ಹೇಳಿದಂತೆಯೇ ಆಯಿತು. ಸೋರುವುದು ನಿಂತೇ ಇತ್ತು. ಅಕ್ಕನ ಮುಖಕ್ಕೆ ಕಳೆ ಬಂತು, ಗಂಜಿ ಕುಡಿದಳು, ಎದ್ದು ಕೂತಳು. ಬಿಡುವಾಗ ಡಾಕ್ಟರು ಬೆರಳು ತೋರಿಸಿ ಹೇಳಿದರು: ಮೂರು ತಿಂಗಳು ಭಾರ ಎತ್ತಬಾರದು, ಬಗ್ಗಬಾರದು, ಆಟೋದಲ್ಲಿ ಕುಲುಕಾಡಬಾರದು. ಹೊಟ್ಟೆಗೆ, ಪಕ್ಕೆಗೆ ಎಣ್ಣೆ ಹಾಕಿ ತಿಕ್ಕಿಸಲೇಬಾರದು. ಒಳಗಿನ ಗಾಯ ಇನ್ನೂ ಹಸಿ. ಅಕ್ಕ ಎಲ್ಲದಕ್ಕೂ ಹೂಂ ಎಂದಳು. ನನಗೆ ಗೆದ್ದಂತಾಯಿತು. ಹೊಟ್ಟೆ ಕೊಯ್ಯದೆಯೇ ಮನೆಗೆ ಕರೆತಂದೆನಲ್ಲ! ಆದರೆ ಸೋಲು ಶುರುವಾದದ್ದೇ ಮನೆಗೆ ಬಂದ ಮೇಲೆ...

ನಮ್ಮ ಕಡೆ ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಲು ಓಣಿಯ ಹೆಂಗಸರೆಲ್ಲ ಬ್ರೆಡ್ಡು, ಎಳನೀರು ಹಿಡಿದು ಬರುತ್ತಾರೆ. ಬಂದವರು ಮೊದಲು ಕೇಳುವುದು, ‘ಎಲ್ಲಿ, ತೋರ್ಸು ನೋಡೂನು.’ ಗಾಯ ನೋಡಬೇಕು, ಹೊಲಿಗೆ ಎಷ್ಟು ಬಿದ್ದಿವೆ ಎಂದು ನೋಡಿ ಲೊಚಗುಟ್ಟಬೇಕು, ಆಮೇಲೆ ತಮ್ಮದನ್ನು ತೋರಿಸಬೇಕು. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡ ಗುರುತು ವಠಾರದ ಎಲ್ಲ ಹೆಂಗಸರ ಹೊಟ್ಟೆಯ ಮೇಲೂ ಇತ್ತು. ನನಗೂ ಇದೆ. ಹೆಂಗಸು ಮಲಗಬೇಕಾದರೆ ಅಂಥದೊಂದು ಗುರುತು ತೋರಿಸಿಯೇ ಮಲಗಬೇಕು. ಮಕ್ಕಳಿಲ್ಲದ ಅಕ್ಕನ ಹೊಟ್ಟೆಯ ಮೇಲೆ ಅದೂ ಇರಲಿಲ್ಲ. ಸೀರೆ ಸರಿಸಿದರೆ ನುಣ್ಣನೆ ಹೊಟ್ಟೆ. ನೋಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಏನೂ ಕೊಯ್ದೇ ಇಲ್ಲಲ್ಲ?’

‘ಒಳಗ ಹರದೈತಿ ಅಂತ,’ ಎಂದೆ ನಾನು.

‘ಹರದಿದ್ರ ಹೊಲೀತಿದ್ದಿಲ್ಲೇನು? ನಾನು ಆಪರೇಷನ್ ಆಗಿ ವಾರ ತುಂಬಾದ್ರಾಗ ನೀರು ಹೊತ್ತೀನಿ ಬಿಡು.’

ನನ್ನ ಮೈ ಉರಿದುಹೋಯಿತು. ಎಳನೀರು ವಾಪಸ್ಸು ಕೊಟ್ಟು ಕಳಿಸಿದೆ. ಆದರೆ ಎಷ್ಟು ಜನರ ಬಾಯಿಗೆ ಅಡ್ಡ ನಿಲ್ಲುವುದು? ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ನಲ್ಲಿಯ ಹತ್ತಿರ ಆಡಿಕೊಂಡರು, ಯೂನಿಟ್ಟಿನಲ್ಲಿ ಆಡಿಕೊಂಡರು. ಅಲ್ಲಿನ ಮೇಸ್ತ್ರಿ ನನ್ನನ್ನು ನಿಲ್ಲಿಸಿ, ‘ನಿಮ್ಮ ರೊಳ್ಳದಾಕಿ ರಾಣಿ ಹಂಗ ಮಲಗ್ಯಾಳಂತ? ಕೊಯ್ಯದ ಕಾಯಿಲೆ ಯಾವುದವ್ವಾ ಅದು?’ ಎಂದ. ಅಕ್ಕ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹಸಿವಿಗೆ ಹೆದರಿದವಳಲ್ಲ, ಒಂಟಿತನಕ್ಕೆ ಹೆದರಿದವಳಲ್ಲ. ಮೈಗಳ್ಳಿ ಎನ್ನಿಸಿಕೊಳ್ಳುವುದು ಮಾತ್ರ ಅವಳಿಂದ ಆಗಲಿಲ್ಲ. ‘ಕೊಯ್ದಿದ್ರೇ ಚೆಂದಾಗಿತ್ತು ಕಣೆ. ತೋರ್ಸೋಕಾದ್ರೂ ಇರ್ತಿತ್ತು’ ಎಂದು ಒಂದು ದಿನ ಅತ್ತುಬಿಟ್ಟಳು. ‘ನಿನ್ನ ಗುಲ್ಮ ನಿನ್ನದು, ಅವರಪ್ಪನ ಮನಿದಲ್ಲ. ಸುಮ್ಮನ ಬಿದ್ಕ’ ಎಂದು ಗದರಿದೆ. ಹೂಂ ಎಂದಳು. ಹೊದಿಕೆಯ ಕೆಳಗೆ ಎಡಗಾಲು ಅಲ್ಲಾಡುತ್ತಿತ್ತು.

ಮಾರನೆಯ ದಿನ ನಾನು ಮಷಿನ್ನಿನ ಮೇಲೆ ಇದ್ದಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ತಲೆ ಬಾಚಿ, ಹೂ ಮುಡಿದು ಬಂದಿದ್ದಳು. ನಾನು ಎದ್ದು ಬರುವಷ್ಟರಲ್ಲಿ ಮೇಸ್ತ್ರಿಯ ಎದುರಿಗೇ, ಎಲ್ಲರ ಕಣ್ಣೆದುರಿಗೇ, ಕತ್ತರಿಸಿಟ್ಟ ಜೀನ್ಸ್ ಬಟ್ಟೆಯ ದೊಡ್ಡ ಬಂಡಲ್ಲೊಂದನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿದಳು. ಎತ್ತಿದಳು, ನಮ್ಮ ಕಡೆ ತಿರುಗಿ ನಕ್ಕಳು. ಮಷಿನ್ನಿನ ತನಕ ಬಂದಳು. ಬಂಡಲ್ಲು ಇಟ್ಟು ಎಡಭುಜ ಹಿಡಿದುಕೊಂಡಳು...

ಈ ಸಲ ಡಾಕ್ಟರು ಕಾಯಲಿಲ್ಲ. ಕಾಯಲು ಸಮಯವೇ ಇರಲಿಲ್ಲ. ರಕ್ತ ಕೊಡುತ್ತಲೇ ಒಳಗೆ ಒಯ್ದರು, ಹೊಟ್ಟೆ ಕೊಯ್ದರು, ಗುಲ್ಮವನ್ನು ತೆಗೆದರು. ಹೊರಗೆ ಬಂದಾಗ ಅವರ ಮುಖದಲ್ಲಿ ಸಿಟ್ಟಿತ್ತೋ ದುಃಖವಿತ್ತೋ ನನಗೆ ತಿಳಿಯಲಿಲ್ಲ. ‘ಜೀವ ಉಳೀತು,’ ಎಂದರು. ‘ಆದ್ರ ಕೇಳಮ್ಮ. ಇನ್ನ ಮ್ಯಾಲೆ ಇವ್ರಿಗೆ ಜ್ವರ ಬಂದ್ರ ಅದು ಬರೇ ಜ್ವರ ಅಲ್ಲ. ಮಾತ್ರೆ ನುಂಗಿ ಮಲಗಂಗಿಲ್ಲ, ಬೆಳಗಾಗ್ಲಿ ಅನ್ನಂಗಿಲ್ಲ. ಮೈ ಬಿಸಿಯಾದ ಕೂಡ್ಲೇ ಆಸ್ಪತ್ರಿಗೆ ಬರ್ಬೇಕು.’ ಅದೇ ಮಾತನ್ನು ಅಣ್ಣನಿಗೂ ಹೇಳಿದರು. ಅಕ್ಕನಿಗೆ ಎಚ್ಚರವಾದ ಮೇಲೆ ಅವಳಿಗೂ ಹೇಳಿದರು, ಜ್ವರ ತಡೆಯುವ ಸೂಜಿಗಳನ್ನೂ ಹಾಕಿದರು.

ಅಣ್ಣ ಕೇಳಿಸಿಕೊಂಡ. ಆದರೆ ಅವನ ಮುಖ ಅರಳಿತ್ತು. ‘ನಾನು ಮೊದ್ಲೇ ಬಡ್ಕೊಂಡೆ, ಕೊಯ್ದು ತೆಗೀರಿ ಅಂತ. ಈಗ ನೋಡು, ರೋಗ ಬುಡಸಮೇತ ಹೋಯ್ತು!’

ಅಕ್ಕನೂ ಹಾಗೆಯೇ ನಂಬಿದಳು. ಎದೆಯ ಕೆಳಗಿನಿಂದ ಹೊಕ್ಕುಳು ದಾಟುವ ತನಕ ಉದ್ದನೆಯ ಗಾಯ. ವಠಾರಕ್ಕೆ ಬಂದಾಗ ಮತ್ತೆ ಬ್ರೆಡ್ಡು ಬಂತು, ಎಳನೀರು ಬಂತು. ಅಕ್ಕ ಸೆರಗು ಸರಿಸಿದಳು. ‘ಅಯ್ಯೋ ನಮ್ಮವ್ವ, ಎಷ್ಟುದ್ದ ಕೊಯ್ದಾರ!’ ಎಂದು ಆ ಹೆಂಗಸರೇ ಕಣ್ಣೀರು ಹಾಕಿದರು, ಸರದಿ ಹಾಕಿಕೊಂಡು ಅವಳ ಮನೆಗೆ ನೀರು ಹೊತ್ತರು. ಮೇಸ್ತ್ರಿ ಸೇಬು ಕಳಿಸಿದ. ಗಾಯ ಕಾಣದಿದ್ದಾಗ ಅವಳಿಗೆ ಕಾಯಿಲೆಯೇ ಇಲ್ಲ ಎಂದ ಊರು, ಗಾಯ ಮಾಗಿದ ದಿನ ಕಾಯಿಲೆ ಪೂರ್ತಿ ಗುಣವಾಯಿತು ಎಂದಿತು. ಎರಡು ಸಲವೂ ಊರು ತಪ್ಪಿತು. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ವರ್ಷ ಕಳೆಯಿತು. ಅಕ್ಕ ಮತ್ತೆ ಜೇಬು ಹೊಲಿದಳು, ಬೆರಳು ಮತ್ತೆ ನೀಲಿಯಾಯಿತು. ರಾಜನನ್ನು ಮಾರಲು ಕೊನೆಗೂ ಒಪ್ಪಲಿಲ್ಲ. ನಾನು ಆಗಾಗ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ‘ನೀನು ಡಾಕ್ಟ್ರಮ್ಮ ಆಗ್ಬೇಕಿತ್ತು ಕಣೆ, ತಪ್ಪಿ ಸೊಂಟಪಟ್ಟಿ ಹೊಲೀತಿದ್ದೀಯ’ ಎಂದು ಕೈ ತಳ್ಳುತ್ತಿದ್ದಳು. ಒಂದು ಸಲ ಜ್ವರ ಬಂದಾಗ ಎಳೆದುಕೊಂಡು ಬಳ್ಳಾರಿಗೆ ಹೋದೆ. ಸೂಜಿ, ಸಲೈನು ಎಲ್ಲ ಆಯಿತು, ಗುಣವಾಯಿತು. ‘ಬರೀ ನೆಗಡಿಗೆ ಇಷ್ಟು ರಂಪ’ ಎಂದು ಅವಳು ವಾಪಸ್ಸು ಬರುವ ತನಕ ನನ್ನನ್ನು ಬೈದಳು. ಬೈಯಲಿ ಬಿಡು, ಎಂದುಕೊಂಡೆ.

ಆಮೇಲೆ ಅಣ್ಣನ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗುವ ಹೊತ್ತು, ಕೈ ಸಾಲದು ಎಂದು ಕರೆ ಬಂತು. ಹಣ್ಣಾದ ಹುಳವನ್ನು ಆರಿಸಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ನೂಲು ನೆಲದ ಪಾಲು. ಆ ಹೊತ್ತಿನಲ್ಲಿ ಆ ಕಡೆಯವರು ಮನೆ ಬಿಟ್ಟು ಅಲ್ಲಾಡುವುದಿಲ್ಲ. ಅಕ್ಕ ಬ್ಯಾಗು ಹಿಡಿದು, ಯೂನಿಟ್ಟಿನಿಂದಲೇ ನೇರವಾಗಿ, ನೀಲಿ ಕೈಯಲ್ಲೇ ಬಸ್ಸು ಹತ್ತಿದಳು. ‘ರಾಜನಿಗೆ ಹುರುಳಿ ಹಾಕು ಕಣೆ, ಹುಳ ಇಳಿಸಿ ಬತ್ತೀನಿ’ ಎಂದಳು. ಕಿಟಕಿಯಲ್ಲಿ ಕೈಯಾಡಿಸಿದಳು.

ಬಂದವನು ಅಣ್ಣ. ಟಗರನ್ನೂ ಅಕ್ಕನ ಪಾತ್ರೆಪಡಗವನ್ನೂ ಒಯ್ಯಲು ಬಂದಿದ್ದ. ನನ್ನ ಹೊಸಿಲ ಮೇಲೆ ಕೂತ. ಹುಳ ಹಣ್ಣಾದ ದಿನ ಬೆಳಿಗ್ಗೆ ಅಕ್ಕ ಚಳಿ ಎಂದಳಂತೆ. ಮೈ ಬಿಸಿಯಿತ್ತಂತೆ. ಅಂಗಡಿಯ ಮಾತ್ರೆ ಕೊಟ್ಟರಂತೆ.

‘ಡಾಕ್ಟ್ರು ಹೇಳಿದ್ದು ನೆನಪಿರ್ಲಿಲ್ಲೇನಣ್ಣ?’

‘ಇತ್ತು ಕಣಮ್ಮ. ಇರ್ದೇ ಏನು? ಆದ್ರೆ ಆಪ್ರೇಷನ್ ಆಗಿ ವರ್ಷ ಆಗಿತ್ತಲ್ಲ, ಎಲ್ಲಾ ತೆಗ್ದಾಗೈತೆ ಅಂದ್ಕೊಂಡ್ವಿ. ಹುಳ ಬೇರೆ ಹಣ್ಣಾಗಿದ್ವು. ಅವ್ಳೇ ಅಂದ್ಲು, ಚಂದ್ರಿಕೆಗೆ ಬಿಟ್ಬಿಡಾನ, ಹೊತ್ತು ಇಳೀಲಿ, ಆಮ್ಯಾಕೆ ಹೋಗಾನ ಅಂತ. ಮಧ್ಯಾಹ್ನ ನಮ್ಮೋಳು ಅವ್ಳ ಕೈ ಹಿಡ್ಕೊಂಡು, ಉಗುರೆಲ್ಲ ನೀಲಿ ಐತಲ್ಲ ಅಂದ್ಲು. ನಾನು...’ ಅವನು ತನ್ನ ಅಂಗೈ ನೋಡಿಕೊಂಡ. ‘ನಾನು ಅಂದೆ, ಅದು ಜೀನ್ಸ್ ಬಣ್ಣ ಕಣೆ, ಅವ್ಳ ಕೈ ಯಾವಾಗ್ಲೂ ಹಂಗೇ ಅಂತ.’

ಹೊತ್ತು ಇಳಿಯುವ ಮೊದಲೇ ಮುಗಿದಿತ್ತು. ಮಡಕಶಿರಾ ಆಸ್ಪತ್ರೆ ಮುಟ್ಟಲಿಲ್ಲ.

ನನ್ನ ಬಾಯಿ ಗೊತ್ತಲ್ಲ, ಬೈಯದೆ ಬಿಡುವ ಬಾಯಲ್ಲ. ಆದರೆ ಅವತ್ತು ಏನೆಂದು ಬೈಯುವುದು? ನಾನೇ ಅಲ್ಲವೆ ಬಳ್ಳಾರಿಯಲ್ಲಿ ಕೈ ಚಾಚಿ ಹಾಗೆಂದವಳು? ಅಲ್ಲಿ ನಂಬದ ನರ್ಸೊಬ್ಬಳು ಇದ್ದಳು, ರೊಳ್ಳದಲ್ಲಿ ಎಲ್ಲರೂ ಅವಳನ್ನು ಬಲ್ಲವರೇ ಇದ್ದರು. ಅಣ್ಣನಿಗೆ ಚಹಾ ಮಾಡಿ ಕೊಟ್ಟೆ. ರಾಜ ಅವನ ಹಿಂದೆ ಹೋಗಲು ಒಪ್ಪದೆ ಬೇವಿನ ಮರದ ಹತ್ತಿರ ಕಾಲು ಊರಿ ನಿಂತಿತ್ತು. ಇಬ್ಬರೂ ಸೇರಿ ಎಳೆದು ಆಟೋಕ್ಕೆ ಹತ್ತಿಸಿದೆವು.

ಗೋಡೆಯಾಚೆಯ ಆ ಮನೆಗೆ ಆಮೇಲೆ ಎಷ್ಟೋ ಜನ ಬಂದರು, ಹೋದರು. ನನ್ನನ್ನು ‘ಕಣೆ’ ಎಂದು ಕರೆಯುವವರು ಯಾರೂ ಬರಲಿಲ್ಲ. ಅಕ್ಕ ಇಲ್ಲ. ಇಷ್ಟು ವರ್ಷವಾದರೂ ಈ ಮಾತು ನನ್ನ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ.

ಮೊನ್ನೆ ಪ್ಯಾಂಟು ಹಿಂಡಿ ಹಗ್ಗದ ಮೇಲೆ ಹಾಕಿದ ಮೇಲೆ ನೋಡಿದರೆ ನನ್ನ ಉಗುರೂ ನೀಲಿಯಾಗಿತ್ತು. ಒಳಗೆ ಹೋಗಿ ಮಗಳ ಪೆಟ್ಟಿಗೆಯಿಂದ ಉಗುರುಬಣ್ಣ ಅಳಿಸುವ ಸೀಸೆ ತೆಗೆದು, ಹತ್ತಿ ಅದ್ದಿ, ಹೆಬ್ಬೆರಳನ್ನು ತಿಕ್ಕಿದೆ. ‘ಅದು ಬಣ್ಣ ಅಲ್ಲೇನಮ್ಮ, ತಾನಾ ಹೋಗ್ತೈತಿ ಬಿಡು’ ಎಂದಳು ಮಗಳು. ನಾನು ಬಿಡಲಿಲ್ಲ. ಕೆಳಗಿನ ಕೆಂಪು ಕಾಣುವ ತನಕ ತಿಕ್ಕಿದೆ. ಆಮೇಲೆ ಅವಳ ಕೈಯನ್ನೂ ಹಿಡಿದು ನೋಡಿದೆ.